ವಿಎಸ್ ಕೋಡ್‌ನಲ್ಲಿ ವಾಕಾಟೈಮ್ ಲೆಕ್ಕ ತಪ್ಪಿದರೆ ಮೊದಲು ಹೋಮ್ ಯಾವುದು ಅಂತ ನೋಡಿ

ಜುಲೈ ತಿಂಗಳ ಬಿಲ್ ಬರೆಯಲು ಕೂತಾಗ ನನ್ನ ಲೆಕ್ಕದಲ್ಲಿ ಆರು ದಿನ ಸೊನ್ನೆ ಇತ್ತು. ಆ ಆರೂ ದಿನ ನಾನು ಕೆಲಸ ಮಾಡಿದ್ದೆ. ಗಿಟ್‌ನಲ್ಲಿ ಕಮಿಟ್‌ಗಳಿದ್ದವು, ಕ್ಲೈಂಟ್‌ಗೆ ಕಳಿಸಿದ ಮೆಸೇಜುಗಳಿದ್ದವು, ಬೆನ್ನುನೋವೂ ಇತ್ತು. ವಾಕಾಟೈಮ್ ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಏನೂ ಇರಲಿಲ್ಲ.

ನಾನು ಶಿರಸಿಯ ಮನೆಯಿಂದ ಗಂಟೆ ಲೆಕ್ಕದಲ್ಲಿ ಕೋಡ್ ಬರೆದುಕೊಡುವವನು. ಯಾವ ಪ್ರಾಜೆಕ್ಟಿಗೆ ಎಷ್ಟು ಹೊತ್ತು ಹೋಯಿತು ಅಂತ ನೆನಪಿನಿಂದ ಬರೆದರೆ ಯಾವಾಗಲೂ ನನಗೇ ಲುಕ್ಸಾನು. ಅದಕ್ಕೇ ನಾನು ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ಗೆ ವಾಕಾಟೈಮ್ ಪ್ಲಗಿನ್ ಹಾಕಿಕೊಂಡಿದ್ದೇನೆ. ನಾವು ಟೈಪ್ ಮಾಡುವುದನ್ನು ಅದು ಹಿನ್ನೆಲೆಯಲ್ಲಿ ಗಮನಿಸುತ್ತಾ ಸಮಯದ ಲೆಕ್ಕ ಇಡುತ್ತದೆ.

ಈ ದೋಷ ಹುಡುಕಲು ನನಗೆ ಎರಡು ದಿನ ಬೇಕಾಯಿತು. ಸರಿಪಡಿಸಲು ಹತ್ತು ನಿಮಿಷವೂ ಬೇಕಾಗಲಿಲ್ಲ. ನಿಮಗೂ ಹೀಗೆ ಆದರೆ ಆ ಎರಡು ದಿನ ಉಳಿಯಲಿ ಅಂತ ಬರೆಯುತ್ತಿದ್ದೇನೆ. ಫೈಲುಗಳ, ಕಮಾಂಡುಗಳ ಹೆಸರನ್ನು ಫೋನಿನಲ್ಲಿ ಹೇಳಿದ ಹಾಗೆ ಉಚ್ಚಾರದಲ್ಲೇ ಕೊಟ್ಟಿದ್ದೇನೆ.

ಕಾಣಿಸಿದ ಲಕ್ಷಣ

ವಿಚಿತ್ರ ಏನೆಂದರೆ ಎಲ್ಲೂ ಎರರ್ ಇರಲಿಲ್ಲ. ಎಡಿಟರಿನ ಕೆಳಗಿನ ಸ್ಟೇಟಸ್ ಬಾರ್‌ನಲ್ಲಿ ಪುಟ್ಟ ಗಡಿಯಾರದ ಗುರುತು ಇತ್ತು. ಅದರ ಪಕ್ಕ "3 ಗಂಟೆ 40 ನಿಮಿಷ" ಅಂತ ಸಮಯವೂ ತೋರಿಸುತ್ತಿತ್ತು. ಅಂದರೆ ಪ್ಲಗಿನ್ ಕೆಲಸ ಮಾಡುತ್ತಿದೆ. ಆದರೆ ಬ್ರೌಸರಿನಲ್ಲಿ ಡ್ಯಾಶ್‌ಬೋರ್ಡ್ ತೆರೆದರೆ ಆ ದಿನ ಖಾಲಿ.

ಇನ್ನೊಂದು ಲಕ್ಷಣ ಆಮೇಲೆ ಹೊಳೆಯಿತು. ಟರ್ಮಿನಲ್ ತೆರೆದು ಪ್ರಾಜೆಕ್ಟ್ ಫೋಲ್ಡರಿಗೆ ಹೋಗಿ "ಕೋಡ್ ಡಾಟ್" ಅಂತ ಹೊಡೆದು ಎಡಿಟರ್ ಶುರು ಮಾಡಿದ ದಿನ ಲೆಕ್ಕ ಸರಿಯಾಗಿರುತ್ತಿತ್ತು. ಡಾಕ್‌ನಲ್ಲಿರುವ ಐಕಾನ್ ಒತ್ತಿ ಶುರು ಮಾಡಿದ ದಿನ ಕೆಲವೊಮ್ಮೆ ಸರಿ, ಕೆಲವೊಮ್ಮೆ ತಪ್ಪು. ಈ "ಕೆಲವೊಮ್ಮೆ" ಅನ್ನುವುದೇ ತಲೆ ಕೆಡಿಸಿದ್ದು. ಯಾವಾಗಲೂ ತಪ್ಪಿದರೆ ಹುಡುಕುವುದು ಸುಲಭ, ಅಲ್ವಾ?

ನಾನು ಸುಮ್ನೆ ಮಾಡಿದ ಕೆಲಸಗಳನ್ನೂ ಹೇಳಿಬಿಡುತ್ತೇನೆ. ಪ್ಲಗಿನ್ ತೆಗೆದು ಮತ್ತೆ ಹಾಕಿದೆ, ಮೂರು ಸಲ. ಹೊಸ ಎಪಿಐ ಕೀ (ಖಾತೆ ಯಾರದು ಅಂತ ಸರ್ವರಿಗೆ ತಿಳಿಸುವ ಗುಟ್ಟಿನ ಸಂಕೇತ) ಮಾಡಿಸಿದೆ. ಹಳೆಯ ಸಲಹೆ ಯಾವುದನ್ನೋ ಓದಿ ಪೈಥಾನ್ ಬೇರೆ ಹಾಕಿದೆ. ಹಿಂದೆ ಈ ಪ್ಲಗಿನ್ನಿನ ಒಳಗಿನ ಕೆಲಸಗಾರ ಪೈಥಾನ್ ಪ್ರೋಗ್ರಾಮ್ ಆಗಿತ್ತು. ಈಗ ಅದು ಗೋ ಭಾಷೆಯಲ್ಲಿ ಬರೆದ ಒಂದೇ ಬೈನರಿ. ಹಾಗಾಗಿ ಪೈಥಾನ್ ಹಾಕಿ ಅನ್ನುವ ಸಲಹೆ ಎಲ್ಲಿ ಕಂಡರೂ ದಾಟಿ ಮುಂದೆ ಹೋಗಿ.

ಒಳಗೆ ಏನು ನಡೆಯುತ್ತದೆ

ವಿಎಸ್ ಕೋಡ್‌ನಲ್ಲಿ ಪ್ಲಗಿನ್‌ಗಳು ಎಡಿಟರಿನ ಕಿಟಕಿಯೊಳಗೇ ಓಡುವುದಿಲ್ಲ. ಎಕ್ಸ್‌ಟೆನ್ಶನ್ ಹೋಸ್ಟ್ ಅಂತ ಬೇರೆಯೇ ಒಂದು ಪ್ರೋಸೆಸ್ ಇರುತ್ತದೆ. ಅದು ನೋಡ್ ಜೆಎಸ್ ಮೇಲೆ ನಡೆಯುತ್ತದೆ. ವಾಕಾಟೈಮ್ ಪ್ಲಗಿನ್ನಿನ ಜಾವಾಸ್ಕ್ರಿಪ್ಟ್ ಭಾಗ ಅಲ್ಲಿ ಕೂತು ನೀವು ಯಾವ ಫೈಲ್ ತೆರೆದಿರಿ, ಯಾವಾಗ ಸೇವ್ ಮಾಡಿದಿರಿ ಅಂತ ನೋಡುತ್ತದೆ. ನೋಡಿದ್ದನ್ನು ವಾಕಾಟೈಮ್ ಸಿಎಲ್‌ಐ ಅನ್ನುವ ಆ ಗೋ ಬೈನರಿಗೆ ಕೊಡುತ್ತದೆ. ಬೈನರಿ ಅದನ್ನು ಸರ್ವರಿಗೆ ಕಳಿಸುತ್ತದೆ. ಹೀಗೆ ಕಳಿಸುವ ಒಂದೊಂದು ಸುದ್ದಿಗೂ ಹಾರ್ಟ್‌ಬೀಟ್ ಅಂತ ಹೆಸರು. ಅದರಲ್ಲಿ ಫೈಲಿನ ದಾರಿ, ಪ್ರಾಜೆಕ್ಟ್, ಬ್ರಾಂಚ್, ಭಾಷೆ, ಹೊತ್ತು ಇರುತ್ತವೆ. ನೀವು ಬರೆದ ಕೋಡ್ ಇರುವುದಿಲ್ಲ. ಒಂದೇ ಫೈಲಿನಲ್ಲಿ ಇದ್ದರೆ ಎರಡು ನಿಮಿಷಕ್ಕೊಮ್ಮೆ ಹೋಗುತ್ತದೆ. ಫೈಲ್ ಬದಲಾಯಿಸಿದರೆ ಅಥವಾ ಸೇವ್ ಮಾಡಿದರೆ ಎರಡು ನಿಮಿಷ ಕಾಯದೆ ಹೋಗುತ್ತದೆ. ನೆಟ್ ಇಲ್ಲದಿದ್ದರೆ ಡಿಸ್ಕಿನಲ್ಲಿ ಕೂಡಿಟ್ಟುಕೊಂಡು ನೆಟ್ ಬಂದಾಗ ಕಳಿಸುತ್ತದೆ.

ಇವರಿಬ್ಬರೂ ನೋಡುವ ಸೆಟ್ಟಿಂಗ್ ಫೈಲ್ ಒಂದಿದೆ: ಡಾಟ್ ವಾಕಾಟೈಮ್ ಡಾಟ್ ಸಿಎಫ್‌ಜಿ. ಅದು ಇರುವುದು ನಿಮ್ಮ ಹೋಮ್ ಫೋಲ್ಡರಿನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿಗಿರುವ ಫೋಲ್ಡರಿನಲ್ಲಿ. ಎಪಿಐ ಕೀ ಇರುವುದೂ ಅದರೊಳಗೆ. ಈ ಫೈಲನ್ನು ಬೇರೆ ಕಡೆ ಇಡಬೇಕು ಅನ್ನುವವರಿಗಾಗಿ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಮ್ ಶುರುವಾಗುವಾಗ ಅದಕ್ಕೆ ಸಿಗುವ ಹೆಸರು ಮತ್ತು ಬೆಲೆಯ ಜೋಡಿ) ಕೊಟ್ಟಿದ್ದಾರೆ. ಅದರ ಹೆಸರು ವಾಕಾಟೈಮ್ ಅಂಡರ್‌ಸ್ಕೋರ್ ಹೋಮ್, ಪೂರ್ತಿ ದೊಡ್ಡಕ್ಷರದಲ್ಲಿ.

ನನ್ನ ಬಳಿ ಎರಡು ಖಾತೆ ಇವೆ. ಒಂದು ಹಳೆಯದು, ನನ್ನ ಸ್ವಂತ ಪ್ರಯೋಗಗಳಿಗೆ. ಇನ್ನೊಂದು ದುಡ್ಡಿನ ಕೆಲಸಕ್ಕೆ. ಹಳೆಯ ಖಾತೆಯ ಸಿಎಫ್‌ಜಿ ಹೋಮ್‌ನಲ್ಲೇ ಇತ್ತು. ಕೆಲಸದ ಖಾತೆಯ ಸಿಎಫ್‌ಜಿಯನ್ನು "ಕೆಲಸ" ಅನ್ನುವ ಫೋಲ್ಡರಿನಲ್ಲಿಟ್ಟು, ಟರ್ಮಿನಲ್ಲಿನ ಶೆಲ್ (ನಮ್ಮ ಕಮಾಂಡುಗಳನ್ನು ಓಡಿಸುವ ಪ್ರೋಗ್ರಾಮ್) ಶುರುವಾಗುವಾಗ ಓದುವ ಡಾಟ್ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಆ ವೇರಿಯಬಲ್ಲನ್ನು ಎಕ್ಸ್‌ಪೋರ್ಟ್ ಮಾಡಿದ್ದೆ. ಬುದ್ಧಿವಂತಿಕೆ ಮಾಡಿದೆ ಅಂತ ಆಗ ಅನಿಸಿತ್ತು.

ಈಗ ನಿಮಗೆ ಅರ್ಧ ಕಥೆ ಗೊತ್ತಾಗಿರಬೇಕು. ವೇರಿಯಬಲ್ ಎಡಿಟರಿಗೆ ತಲುಪದ ದಿನ ಪ್ಲಗಿನ್ ಸೀದಾ ಹೋಮ್‌ನಲ್ಲಿದ್ದ ಹಳೆಯ ಸಿಎಫ್‌ಜಿ ಓದುತ್ತಿತ್ತು. ಅದರಲ್ಲೂ ಸರಿಯಾದ ಕೀ ಇತ್ತು. ಹಾಗಾಗಿ ಎರರ್ ಇಲ್ಲ. ಸ್ಟೇಟಸ್ ಬಾರ್ ತೋರಿಸುತ್ತಿದ್ದ ಮೂರು ಗಂಟೆ ನಲವತ್ತು ನಿಮಿಷ ಹಳೆಯ ಖಾತೆಯದು. ನಾನು ಬ್ರೌಸರಿನಲ್ಲಿ ನೋಡುತ್ತಿದ್ದದ್ದು ಕೆಲಸದ ಖಾತೆ.

ಗೊತ್ತಾದದ್ದು ಹೇಗೆ

ಕಂಟ್ರೋಲ್, ಶಿಫ್ಟ್, ಪಿ ಒತ್ತಿ ಕಮಾಂಡ್ ಪ್ಯಾಲೆಟ್ ತೆರೆಯಿರಿ. "ವಾಕಾಟೈಮ್ ಓಪನ್ ಕಾನ್ಫಿಗ್ ಫೈಲ್" ಅನ್ನುವ ಕಮಾಂಡ್ ಇದೆ, ಅದನ್ನು ಆರಿಸಿ. ಪ್ಲಗಿನ್ ನಿಜವಾಗಿ ಯಾವ ಫೈಲ್ ಓದುತ್ತಿದೆಯೋ ಅದೇ ಫೈಲ್ ತೆರೆಯುತ್ತದೆ. ಟ್ಯಾಬ್ ಮೇಲೆ ಮೌಸ್ ಇಟ್ಟರೆ ಅದರ ಪೂರ್ತಿ ದಾರಿ ಕಾಣುತ್ತದೆ. ನನಗೆ ಕಂಡದ್ದು ಹೋಮ್‌ನ ದಾರಿ. "ಕೆಲಸ" ಅನ್ನುವ ಪದ ಅದರಲ್ಲಿ ಇರಲಿಲ್ಲ.

ಈ ಒಂದು ಪರೀಕ್ಷೆ ಮೊದಲೇ ಮಾಡಿದ್ದರೆ ಎರಡು ದಿನ ಉಳಿಯುತ್ತಿತ್ತು. ಆದರೆ ನಾನು ಮಾಡಿದ್ದು ಬೇರೆ. ಎಡಿಟರಿನ ಒಳಗಿನ ಟರ್ಮಿನಲ್ ತೆರೆದು ವೇರಿಯಬಲ್ ಇದೆಯಾ ಅಂತ ಎಕೋ ಮಾಡಿ ನೋಡಿದೆ. ಇತ್ತು! ಹಾಗಾದರೆ ಎನ್ವಿರಾನ್‌ಮೆಂಟ್ ಸರಿಯಿದೆ ಅಂದುಕೊಂಡು ಬೇರೆಲ್ಲೋ ಹುಡುಕಲು ಹೋದೆ. ಇದು ದೊಡ್ಡ ಮೋಸ. ಒಳಗಿನ ಟರ್ಮಿನಲ್ ತೆರೆದ ಕೂಡಲೇ ಅದು ತನ್ನದೇ ಆದ ಹೊಸ ಶೆಲ್ ಶುರು ಮಾಡಿ ಬ್ಯಾಶ್‌ಆರ್‌ಸಿಯನ್ನು ಮತ್ತೆ ಓದುತ್ತದೆ. ಅಲ್ಲಿ ವೇರಿಯಬಲ್ ಕಂಡರೆ ಟರ್ಮಿನಲ್‌ಗೆ ಸಿಕ್ಕಿದೆ ಅಂತಷ್ಟೇ ಅರ್ಥ. ಎಕ್ಸ್‌ಟೆನ್ಶನ್ ಹೋಸ್ಟ್‌ಗೆ ಸಿಕ್ಕಿದೆ ಅಂತ ಅಲ್ಲ.

ಲಾಗ್ ನೋಡುವಾಗಲೂ ಇದೇ ತಪ್ಪು ಮಾಡಿದೆ. ಕೆಲಸದ ಫೋಲ್ಡರಿನಲ್ಲಿ ಲಾಗ್ ಹುಡುಕಿ, ಆ ದಿನದ್ದು ಒಂದು ಸಾಲೂ ಇಲ್ಲ ಅಂತ ತಲೆ ಕೆರೆದುಕೊಂಡೆ. ಆ ದಿನದ ಲಾಗ್ ಹೋಮ್‌ನ ಡಾಟ್ ವಾಕಾಟೈಮ್ ಫೋಲ್ಡರಿನಲ್ಲಿ, ವಾಕಾಟೈಮ್ ಡಾಟ್ ಲಾಗ್ ಫೈಲಿನಲ್ಲಿ ತುಂಬಿ ತುಳುಕುತ್ತಿತ್ತು. ಆದ್ದರಿಂದ ಲಾಗನ್ನೂ ಪ್ಯಾಲೆಟ್‌ನಿಂದಲೇ ತೆರೆಯಿರಿ. "ವಾಕಾಟೈಮ್ ಓಪನ್ ಲಾಗ್ ಫೈಲ್" ಅಂತ ಇದೆ.

ಮಳೆಗೂ ಇದಕ್ಕೂ ಏನು ಸಂಬಂಧ

ಐಕಾನ್ ಒತ್ತಿದರೆ ಕೆಲವು ದಿನ ಮಾತ್ರ ಏಕೆ ತಪ್ಪುತ್ತಿತ್ತು ಅನ್ನುವುದು ಉಳಿದಿತ್ತು.

ಟರ್ಮಿನಲ್‌ನಿಂದ ಎಡಿಟರ್ ಶುರು ಮಾಡಿದರೆ ಟರ್ಮಿನಲ್ಲಿನ ಎಲ್ಲ ವೇರಿಯಬಲ್‌ಗಳೂ ಅದಕ್ಕೆ ಸಿಗುತ್ತವೆ. ಐಕಾನ್ ಒತ್ತಿದರೆ ಅದನ್ನು ಶುರು ಮಾಡುವುದು ಡೆಸ್ಕ್‌ಟಾಪ್. ಡೆಸ್ಕ್‌ಟಾಪ್‌ಗೆ ನಿಮ್ಮ ಬ್ಯಾಶ್‌ಆರ್‌ಸಿಯ ಗೊಡವೆ ಇಲ್ಲ. ಇದು ಗೊತ್ತಿದ್ದೇ ವಿಎಸ್ ಕೋಡ್ ಒಂದು ಉಪಾಯ ಮಾಡುತ್ತದೆ. ಶುರುವಾಗುವಾಗ ತೆರೆಮರೆಯಲ್ಲಿ ನಿಮ್ಮ ಶೆಲ್ಲನ್ನು ಒಮ್ಮೆ ಓಡಿಸಿ, ಅದರಲ್ಲಿ ಸಿಕ್ಕ ವೇರಿಯಬಲ್‌ಗಳನ್ನು ತಾನು ತೆಗೆದುಕೊಳ್ಳುತ್ತದೆ. ಆದರೆ ಎಷ್ಟು ಹೊತ್ತು ಕಾಯಬೇಕು? ಹತ್ತು ಸೆಕೆಂಡ್. ಅಷ್ಟರಲ್ಲಿ ಶೆಲ್ ಉತ್ತರ ಕೊಡದಿದ್ದರೆ ಕೈಬಿಟ್ಟು, ಆ ವೇರಿಯಬಲ್‌ಗಳಿಲ್ಲದೆಯೇ ಮುಂದೆ ಹೋಗುತ್ತದೆ. ಬಲ ಮೂಲೆಯಲ್ಲಿ ಒಂದು ಸೂಚನೆ ಬರುತ್ತದೆ, "ಅನೇಬಲ್ ಟು ರಿಸಾಲ್ವ್ ಯುವರ್ ಶೆಲ್ ಎನ್ವಿರಾನ್‌ಮೆಂಟ್" ಅಂತ ಶುರುವಾಗುವುದು. ನನಗೆ ಅದು ಬರುತ್ತಿತ್ತು. ಸೊಳ್ಳೆ ಓಡಿಸಿದ ಹಾಗೆ ಪ್ರತಿ ಸಲ ಮುಚ್ಚುತ್ತಿದ್ದೆ.

ಶೆಲ್ ಹತ್ತು ಸೆಕೆಂಡ್ ಏಕೆ ತೆಗೆದುಕೊಳ್ಳುತ್ತಿತ್ತು? ಬ್ಯಾಶ್‌ಆರ್‌ಸಿ ತೆರೆದು ನೋಡಿದೆ. ಜೂನ್ ತಿಂಗಳಲ್ಲಿ ನಾನೇ ಹಾಕಿದ್ದ ಒಂದು ಸಾಲು ಅಲ್ಲಿತ್ತು. ಟರ್ಮಿನಲ್ ತೆರೆದರೆ ಊರಿನ ಹವಾಮಾನ ತೋರಿಸಲಿ ಅಂತ ಕರ್ಲ್ ಕಮಾಂಡಿನಿಂದ ಇಂಟರ್ನೆಟ್‌ನಿಂದ ತರಿಸುವ ಸಾಲು. ಹೊರಗೆ ಮಳೆ ಬರುತ್ತಿದೆ ಅಂತ ತಿಳಿಯಲು ಕಿಟಕಿ ನೋಡಿದರೆ ಸಾಕಿತ್ತು, ಇರಲಿ. ಶಿರಸಿಯಲ್ಲಿ ಮಳೆ ಹಿಡಿದ ದಿನ ನಮ್ಮ ಕಡೆ ನೆಟ್ ಎಳೆದಾಡುತ್ತದೆ. ಕರ್ಲ್‌ಗೆ ಸಮಯದ ಮಿತಿ ಕೊಡದಿದ್ದರೆ ಅದು ನಿಮಿಷಗಟ್ಟಲೆ ಕಾಯಬಲ್ಲದು. ಶೆಲ್ ಕರ್ಲ್‌ಗಾಗಿ ಕಾಯುತ್ತಿತ್ತು, ಎಡಿಟರ್ ಶೆಲ್‌ಗಾಗಿ ಕಾದು ಬೇಸತ್ತು ಹೊರಟುಹೋಗುತ್ತಿತ್ತು. ಸೊನ್ನೆ ಬಿದ್ದ ಆರೂ ದಿನ ಜೋರು ಮಳೆಯ ದಿನಗಳು. ನೆಟ್ ಬಂದ ಮೇಲೆ ಕೂಡಿಟ್ಟ ಹಾರ್ಟ್‌ಬೀಟ್‌ಗಳು ಹೋಗುತ್ತಿದ್ದವು, ಆದರೆ ಹಳೆಯ ಖಾತೆಗೆ.

ಇದು ಊಹೆಯೋ ನಿಜವೋ ಅಂತ ಖಚಿತ ಮಾಡಿಕೊಳ್ಳಲು ಮಳೆಗಾಗಿ ಕಾಯಬೇಕಿಲ್ಲ. ಬ್ಯಾಶ್‌ಆರ್‌ಸಿಯಲ್ಲಿ, ವೇರಿಯಬಲ್ಲಿನ ಸಾಲಿಗಿಂತ ಮೇಲೆ, "ಸ್ಲೀಪ್ 15" ಅಂತ ಒಂದು ಸಾಲು ಸೇರಿಸಿ. ಎಡಿಟರನ್ನು ಪೂರ್ತಿ ಮುಚ್ಚಿ, ಐಕಾನ್ ಒತ್ತಿ. ಸೂಚನೆ ಬಂತಾ? ಕಾನ್ಫಿಗ್ ಫೈಲಿನ ದಾರಿ ಬದಲಾಯಿತಾ? ಬದಲಾದರೆ ಕಳ್ಳ ಸಿಕ್ಕ ಹಾಗೆ. ನೋಡಿದ ಮೇಲೆ ಆ ಸಾಲು ತೆಗೆಯಲು ಮರೆಯಬೇಡಿ. ನಾನು ಮರೆತಿದ್ದೆ.

ನಿಮ್ಮ ಬ್ಯಾಶ್‌ಆರ್‌ಸಿಯಲ್ಲಿ ಹವಾಮಾನ ಇರಲಿಕ್ಕಿಲ್ಲ. ಆದರೆ ನೋಡ್, ಪೈಥಾನ್ ಆವೃತ್ತಿಗಳನ್ನು ನೋಡಿಕೊಳ್ಳುವ ಎನ್‌ವಿಎಂ, ಕೊಂಡಾ ಇಂಥವು ತಮ್ಮ ಸಾಲುಗಳನ್ನು ಅಲ್ಲೇ ಸೇರಿಸುತ್ತವೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಎಲ್ಲ ಸೇರಿದರೆ ಹತ್ತು ಸೆಕೆಂಡ್ ದೂರವೇನಲ್ಲ.

ಸರಿ ಮಾಡಿದ್ದು

ಮೊದಲು ಶೆಲ್ಲನ್ನು ಹಗುರ ಮಾಡಿದೆ. ಹವಾಮಾನದ ಸಾಲನ್ನು ಒಂದು ಷರತ್ತಿನ ಒಳಗೆ ಹಾಕಿದೆ. ವಿಎಸ್ ಕೋಡ್ ತೆರೆಮರೆಯಲ್ಲಿ ಶೆಲ್ ಓಡಿಸುವಾಗ ಒಂದು ಗುರುತು ಇಡುತ್ತದೆ. ವಿಎಸ್‌ಕೋಡ್ ಅಂಡರ್‌ಸ್ಕೋರ್ ರಿಸಾಲ್ವಿಂಗ್ ಅಂಡರ್‌ಸ್ಕೋರ್ ಎನ್ವಿರಾನ್‌ಮೆಂಟ್ ಅನ್ನುವ ವೇರಿಯಬಲ್‌ಗೆ 1 ಅಂತ ಬೆಲೆ ಕೊಟ್ಟಿರುತ್ತದೆ. ಅದು ಖಾಲಿ ಇದ್ದರೆ ಮಾತ್ರ ಹವಾಮಾನ ತರಿಸು ಅಂತ ಬರೆದರೆ ಆಯಿತು. ಕರ್ಲ್‌ಗೆ ಮ್ಯಾಕ್ಸ್ ಟೈಮ್ 2 ಸೆಕೆಂಡ್ ಅಂತಲೂ ಕೊಟ್ಟೆ. ಸೆಟ್ಟಿಂಗ್ಸ್‌ನಲ್ಲಿ "ಶೆಲ್ ಎನ್ವಿರಾನ್‌ಮೆಂಟ್ ರೆಸಲ್ಯೂಶನ್ ಟೈಮೌಟ್" ಅಂತ ಹುಡುಕಿದರೆ ಆ ಹತ್ತು ಸೆಕೆಂಡನ್ನು ಜಾಸ್ತಿ ಮಾಡುವ ಜಾಗವೂ ಸಿಗುತ್ತದೆ. ನಾನು ಮುಟ್ಟಲಿಲ್ಲ. ನಿಧಾನವಾದ ಶೆಲ್‌ಗೆ ಇನ್ನಷ್ಟು ಸಮಯ ಕೊಡುವುದು ನನಗೆ ಸರಿ ಕಾಣಲಿಲ್ಲ.

ಎರಡನೆಯದು ನಿಜವಾದ ಪರಿಹಾರ: ವೇರಿಯಬಲ್ಲನ್ನು ಬ್ಯಾಶ್‌ಆರ್‌ಸಿಯಿಂದ ಹೊರಗೆ ತಂದೆ. ನನ್ನದು ಉಬುಂಟು. ಹೋಮ್‌ನ ಡಾಟ್ ಕಾನ್ಫಿಗ್ ಫೋಲ್ಡರಿನೊಳಗೆ ಎನ್ವಿರಾನ್‌ಮೆಂಟ್ ಡಾಟ್ ಡಿ ಅಂತ ಫೋಲ್ಡರ್ ಮಾಡಿ, ಅದರಲ್ಲಿ ಡಾಟ್ ಕಾನ್ಫ್ ಅಂತ ಕೊನೆಯಾಗುವ ಒಂದು ಫೈಲ್ ಇಟ್ಟು, ವೇರಿಯಬಲ್ ಹೆಸರು, ಸಮ ಚಿಹ್ನೆ, ಬೆಲೆ ಅಂತ ಒಂದೇ ಸಾಲು ಬರೆದೆ. ಉಬುಂಟುವಿನಲ್ಲಿ ಸೇವೆಗಳನ್ನು ಶುರು ಮಾಡುವ ಸಿಸ್ಟಮ್‌ಡಿ ಲಾಗಿನ್ ಹೊತ್ತಿಗೆ ಇದನ್ನು ಓದುತ್ತದೆ, ಡೆಸ್ಕ್‌ಟಾಪ್‌ಗೂ ಸಿಗುತ್ತದೆ. ಐಕಾನ್ ಒತ್ತಿದರೂ ಎಡಿಟರಿಗೆ ತಲುಪುತ್ತದೆ.

ಇಲ್ಲಿ ಎಡವುವ ಜಾಗಗಳು ಕೆಲವಿವೆ. ಈ ಫೈಲಿನಲ್ಲಿ ಎಕ್ಸ್‌ಪೋರ್ಟ್ ಅಂತ ಬರೆಯಬಾರದು, ಇದು ಶೆಲ್ ಸ್ಕ್ರಿಪ್ಟ್ ಅಲ್ಲ. ಹೋಮ್‌ಗೆ ಟಿಲ್ಡೆ ಚಿಹ್ನೆ ಹಾಕಬೇಡಿ, ಅದು ಇಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಡಾಲರ್ ಹಾಕಿ ಹೋಮ್ ಅಂತ ಬರೆಯಿರಿ ಅಥವಾ ಪೂರ್ತಿ ದಾರಿ ಬರೆಯಿರಿ. ಬ್ಯಾಶ್‌ಆರ್‌ಸಿಯಲ್ಲೂ ಟಿಲ್ಡೆಯನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಇದೇ ಗತಿ. ಇದರ ಪರಿಣಾಮ ಕಣ್ಣಿಗೆ ಬೀಳುವುದಿಲ್ಲ ಅನ್ನುವುದೇ ತೊಂದರೆ. ವೇರಿಯಬಲ್ ಹೇಳುವ ಫೋಲ್ಡರ್ ನಿಜವಾಗಿ ಇದೆಯಾ ಅಂತ ಪ್ಲಗಿನ್ ನೋಡುತ್ತದೆ. ಇಲ್ಲದಿದ್ದರೆ ದೂರು ಹೇಳದೆ ಮಾಮೂಲಿ ಹೋಮ್‌ಗೆ ವಾಪಸ್ ಹೋಗುತ್ತದೆ. ಫೋಲ್ಡರ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ನನ್ನ ಕಥೆಯೇ ಮತ್ತೆ.

ಬದಲಾವಣೆ ಜಾರಿಗೆ ಬರಲು ಲಾಗೌಟ್ ಮಾಡಿ ಒಳಗೆ ಬನ್ನಿ. ರೀಬೂಟ್ ಮಾಡಿದರೆ ಇನ್ನೂ ನೆಮ್ಮದಿ. "ಸಿಸ್ಟಮ್‌ಸಿಟಿಎಲ್ ಹೈಫನ್ ಹೈಫನ್ ಯೂಸರ್ ಶೋ ಹೈಫನ್ ಎನ್ವಿರಾನ್‌ಮೆಂಟ್" ಕೊಟ್ಟರೆ ವೇರಿಯಬಲ್ ಪಟ್ಟಿಯಲ್ಲಿ ಕಾಣಬೇಕು. ಬ್ಯಾಶ್‌ಆರ್‌ಸಿ ಮಾತ್ರ ಬದಲಾಯಿಸಿದ್ದರೆ ಎಡಿಟರನ್ನು ಪೂರ್ತಿ ಮುಚ್ಚಿ ತೆರೆದರೆ ಸಾಕು. ಆದರೆ "ರೀಲೋಡ್ ವಿಂಡೋ" ಸಾಲದು. ಶೆಲ್ಲಿನಿಂದ ಒಮ್ಮೆ ತಂದ ವೇರಿಯಬಲ್‌ಗಳನ್ನೇ ಎಡಿಟರ್ ಇಟ್ಟುಕೊಂಡಿರುತ್ತದೆ. ಎಲ್ಲ ಕಿಟಕಿಗಳನ್ನೂ ಮುಚ್ಚಬೇಕು.

ಮ್ಯಾಕ್‌ನಲ್ಲೂ ಡಾಕ್‌ನಿಂದ ತೆರೆದಾಗ ಇದೇ ದೋಷ ಬರಬಹುದು. ಅಲ್ಲಿ ನೋಡಬೇಕಾದದ್ದು ಡಾಟ್ ಜೆಡ್‌ಎಸ್‌ಎಚ್‌ಆರ್‌ಸಿ. ವಿಂಡೋಸ್‌ನಲ್ಲಿ ಶೆಲ್ ಓಡಿಸುವ ಆಟವೇ ಇಲ್ಲ, ಸಿಸ್ಟಮ್ ಸೆಟ್ಟಿಂಗಿನಲ್ಲಿ ವೇರಿಯಬಲ್ ಹಾಕಿ ಎಡಿಟರ್ ಮುಚ್ಚಿ ತೆರೆದರೆ ಆಯಿತು.

ಎಸ್‌ಎಸ್‌ಎಚ್ ಮೂಲಕ ಇನ್ನೊಂದು ಯಂತ್ರದಲ್ಲಿ ಅಥವಾ ವಿಂಡೋಸಿನೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಒಳಗೆ ಕೆಲಸ ಮಾಡುವವರು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಪ್ಲಗಿನ್ ಓಡುತ್ತಿರುವುದು ಎಲ್ಲಿ? ಎಕ್ಸ್‌ಟೆನ್ಶನ್ ಪಟ್ಟಿಯಲ್ಲಿ ಲೋಕಲ್ ಗುಂಪು, ರಿಮೋಟ್ ಗುಂಪು ಅಂತ ಬೇರೆ ಬೇರೆ ಇರುತ್ತವೆ. ಅದು ಯಾವ ಗುಂಪಿನಲ್ಲಿ ಓಡುತ್ತಿದೆಯೋ ಆ ಯಂತ್ರದ ಹೋಮ್‌ನ ಸಿಎಫ್‌ಜಿ ಲೆಕ್ಕಕ್ಕೆ ಬರುತ್ತದೆ. ವಿಂಡೋಸಿನ ಹೋಮ್ ಬೇರೆ, ಅದರೊಳಗಿನ ಲಿನಕ್ಸಿನ ಹೋಮ್ ಬೇರೆ. ಡಬ್ಲ್ಯುಎಸ್‌ಎಲ್‌ಗೆ ವೇರಿಯಬಲ್ ಕೊಡಲು ಡಾಟ್ ವಿಎಸ್‌ಕೋಡ್ ಹೈಫನ್ ಸರ್ವರ್ ಫೋಲ್ಡರಿನಲ್ಲಿ ಸರ್ವರ್ ಹೈಫನ್ ಎನ್ವ್ ಹೈಫನ್ ಸೆಟಪ್ ಅನ್ನುವ ಸ್ಕ್ರಿಪ್ಟ್ ಇಡಬಹುದು. ಸರ್ವರ್ ಶುರುವಾಗುವ ಮೊದಲು ಅದು ಓಡುತ್ತದೆ. ಇದು ಶೆಲ್ ಸ್ಕ್ರಿಪ್ಟೇ, ಎಕ್ಸ್‌ಪೋರ್ಟ್ ಬೇಕು.

ಹೋಮ್ ಸರಿಯಿದ್ದೂ ಲೆಕ್ಕ ಬರದಿದ್ದರೆ

ಆಗ ಸಿಎಫ್‌ಜಿಯಲ್ಲಿ ಸೆಟ್ಟಿಂಗ್ಸ್ ಅನ್ನುವ ತಲೆಬರಹದ ಕೆಳಗೆ ಡಿಬಗ್ ಟ್ರೂ ಅಂತ ಹಾಕಿ ಲಾಗ್ ನೋಡಿ. ಮೂರಂಕಿಯ ಸಂಖ್ಯೆಗಳು ಕಾಣುತ್ತವೆ. 104 ಅಂದರೆ ಕೀ ತಪ್ಪು, ಅಂಟಿಸುವಾಗ ಅಕ್ಷರ ಬಿಟ್ಟುಹೋಗಿರಬಹುದು. 103 ಅಂದರೆ ಸಿಎಫ್‌ಜಿ ಫೈಲನ್ನು ಓದಲು ಬರುತ್ತಿಲ್ಲ, ತಲೆಬರಹದ ಚೌಕ ಆವರಣ ಬಿಟ್ಟಿದ್ದರೆ ಹೀಗಾಗುತ್ತದೆ. 102 ಬಂದರೆ ಸರ್ವರ್ ಜೊತೆ ಮಾತುಕತೆ ಆಗುತ್ತಿಲ್ಲ. ಮನೆಯಲ್ಲಿ 102 ಬಂದರೆ ನೆಟ್ ಬರುವ ತನಕ ಕಾಯಿರಿ, ಕೂಡಿಟ್ಟದ್ದು ಎಲ್ಲೂ ಹೋಗುವುದಿಲ್ಲ.

ಆಫೀಸಿನ ನೆಟ್‌ವರ್ಕಿನಲ್ಲಿ 102 ಬಿಡದೆ ಬರುತ್ತಿದ್ದರೆ ಪ್ರಾಕ್ಸಿ (ಹೊರಗಿನ ನೆಟ್‌ಗೆ ಹೋಗುವ ದಾರಿಯಲ್ಲಿ ನಡುವೆ ಇರುವ ಸರ್ವರ್) ಕಾರಣ ಇರಬಹುದು. ಸಿಎಫ್‌ಜಿಯಲ್ಲೇ ಪ್ರಾಕ್ಸಿ ಅಂತ ಒಂದು ಸಾಲು ಬರೆಯಿರಿ, ಶೆಲ್ಲಿನಲ್ಲಿರುವ ಪ್ರಾಕ್ಸಿ ವೇರಿಯಬಲ್ ನಂಬಿ ಕೂರಬೇಡಿ. ಏಕೆ ಅಂತ ಈಗ ನಿಮಗೇ ಗೊತ್ತು. ಲಾಗ್‌ನಲ್ಲಿ ಎಕ್ಸ್ 509 ಅಂತ ಕಂಡರೆ ಆಫೀಸಿನವರು ನಡುವೆ ತಮ್ಮದೇ ಸರ್ಟಿಫಿಕೇಟ್ ಇಟ್ಟಿರಬಹುದು. ಐಟಿಯವರಿಂದ ಆ ಫೈಲ್ ಪಡೆದು ಎಸ್‌ಎಸ್‌ಎಲ್ ಅಂಡರ್‌ಸ್ಕೋರ್ ಸರ್ಟ್ಸ್ ಅಂಡರ್‌ಸ್ಕೋರ್ ಫೈಲ್ ಸಾಲಿನಲ್ಲಿ ಅದರ ದಾರಿ ಕೊಡಿ. ಪರಿಶೀಲನೆಯನ್ನೇ ನಿಲ್ಲಿಸುವ ಸಾಲೂ ಇದೆ, ಅದರ ಆಸೆಗೆ ಬೀಳಬೇಡಿ. ಐಟಿಯವರ ಹತ್ತಿರ ಹೇಗೂ ಹೋಗುತ್ತೀರಲ್ಲ, ಈ ಪ್ಲಗಿನ್ ಹಾಕಬಹುದಾ ಅಂತಲೂ ಕೇಳಿ. ಕೋಡ್ ಹೊರಗೆ ಹೋಗದಿದ್ದರೂ ಫೈಲುಗಳ ಹೆಸರು ಹೋಗುತ್ತದೆ. ಹೆಸರು ಮರೆಮಾಡಲು ಹೈಡ್ ಫೈಲ್ ನೇಮ್ಸ್ ಅನ್ನುವ ಸೆಟ್ಟಿಂಗ್ ಇದೆ.

ಬೈನರಿಯೇ ಇಲ್ಲದಿರುವುದೂ ಉಂಟು. ಮೊದಲ ಸಲ ಪ್ಲಗಿನ್ ಹಾಕಿದಾಗ ಅದು ಗಿಟ್‌ಹಬ್‌ನಿಂದ ಇಳಿಯುತ್ತದೆ. ಗಿಟ್‌ಹಬ್ ತಡೆದಿರುವ ಕಡೆ ಇಳಿಯುವುದಿಲ್ಲ. ಬೇರೆ ಕಡೆ ಇಳಿಸಿಕೊಂಡು ಡಾಟ್ ವಾಕಾಟೈಮ್ ಫೋಲ್ಡರಿಗೆ ಹಾಕಿ, ಲಿನಕ್ಸಿನಲ್ಲಾದರೆ ಓಡಿಸುವ ಅನುಮತಿ ಕೊಡಿ.

ಕಳೆದ ಗಂಟೆಗಳು

ನನ್ನ ಆರು ದಿನಗಳು ಹಳೆಯ ಖಾತೆಯಲ್ಲಿ ಒಂದು ನಿಮಿಷವೂ ಬಿಡದೆ ಸಿಕ್ಕವು. ಅಲ್ಲಿಂದ ಪ್ರಾಜೆಕ್ಟ್ ಹೆಸರು ನೋಡಿ ಕೂಡಿಸಿ ಬಿಲ್ಲಿಗೆ ಸೇರಿಸಿದೆ.

ಹೊಸದಾಗಿ ಎರಡು ಖಾತೆ ಇಟ್ಟುಕೊಳ್ಳುವವರಿಗೆ ನಾನು ಈ ವೇರಿಯಬಲ್ ದಾರಿ ಹೇಳುವುದಿಲ್ಲ. ಒಂದೇ ಸಿಎಫ್‌ಜಿಯಲ್ಲಿ ಪ್ರಾಜೆಕ್ಟ್ ಎಪಿಐ ಕೀ ಅನ್ನುವ ಬೇರೆ ತಲೆಬರಹ ಹಾಕಿ, ಈ ದಾರಿಯ ಫೋಲ್ಡರಿಗೆ ಈ ಕೀ ಅಂತ ಬರೆಯಬಹುದು. ಆಗ ಎನ್ವಿರಾನ್‌ಮೆಂಟ್ ತಲುಪಿತೋ ಇಲ್ಲವೋ ಅನ್ನುವ ಚಿಂತೆಯೇ ಇಲ್ಲ. ನಾನು ಇನ್ನೂ ಬದಲಾಯಿಸಿಲ್ಲ, ಸೋಮಾರಿತನ.

ಒಂದು ಕೆಲಸ ಮಾತ್ರ ಆ ದಿನವೇ ಮಾಡಿದೆ. ಹೋಮ್‌ನಲ್ಲಿದ್ದ ಹಳೆಯ ಸಿಎಫ್‌ಜಿಯ ಹೆಸರು ಬದಲಾಯಿಸಿಟ್ಟೆ. ಈಗ ವೇರಿಯಬಲ್ ತಲುಪದಿದ್ದರೆ ಪ್ಲಗಿನ್‌ಗೆ ಕೀ ಸಿಗುವುದಿಲ್ಲ, ಎಡಿಟರ್ ತೆರೆದ ಕೂಡಲೇ ಕೀ ಕೊಡು ಅಂತ ಮೇಲೆ ಒಂದು ಪೆಟ್ಟಿಗೆ ತೆರೆದು ಕೇಳುತ್ತದೆ. ಆಗಸ್ಟಿನಲ್ಲಿ ಒಂದು ಸಲ ಕೇಳಿತು. ನೋಡಿದರೆ ಬೇರೆ ಏನೂ ಅಲ್ಲ, "ಕೆಲಸ" ಫೋಲ್ಡರಿನ ಹೆಸರನ್ನು ನಾನೇ ಬದಲಾಯಿಸಿದ್ದೆ.